ಅಪ್‌ಡೇಟ್: ರಿವಾಲ್ವರ್‌ಗೆ ಕಡಿಮೆ ಖರ್ಚಿನ ಗುಂಡು
ಇಲ್ಲಿ ಟೆಕ್ಸಾಸ್‌ನ ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ ನನ್ನ .357 ಮ್ಯಾಗ್ನಮ್ ರಿವಾಲ್ವರ್‌ಗೆ ಅಗ್ಗದ ಗುಂಡು ಯಾವುದು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಕೊನೆಗೆ .38 ಸ್ಪೆಷಲ್ ಆರಿಸಿಕೊಂಡೆ. ಅದೇ ಗನ್‌ನಲ್ಲಿ ನಡೆಯುತ್ತದೆ, ಬೆಲೆಯೂ ಕಡಿಮೆ, ಒದೆತವೂ ಕಡಿಮೆ. (ಆದರೆ .38ರ ಗನ್‌ಗೆ .357 ಗುಂಡು ಹಾಕುವಂತಿಲ್ಲ.) ದಿನದ ಅಭ್ಯಾಸಕ್ಕೆ 158 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಸೀಸದ ಗುಂಡು ಸಾಕು. ಆದರೆ ನನಗೆ ತುಂಬಾ ಹಿಡಿಸಿದ್ದು 148 ಗ್ರೇನ್‌ನ ವಾಡ್‌ಕಟರ್ ಗುಂಡು. ಮೂತಿ ಚಪ್ಪಟೆ ಇರುವುದರಿಂದ ಕಾಗದದಲ್ಲಿ ದುಂಡಗೆ, ನೀಟಾಗಿ ತೂತು ಬೀಳುತ್ತದೆ. ಅಂಕ ಎಣಿಸುವುದು ಎಷ್ಟು ಸುಲಭ!

.38ರ ಕೇಸ್ (ಗುಂಡಿನ ಹಿತ್ತಾಳೆ ಕವಚ) ಗಿಡ್ಡ, ಹಾಗಾಗಿ ಗುಂಡು ಕೂರುವ ಚೇಂಬರ್ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಬ್ರಷ್ ಹಾಕಿ ಚೆನ್ನಾಗಿ ಉಜ್ಜಲೇಬೇಕು, ಇಲ್ಲದಿದ್ದರೆ ಆಮೇಲೆ ಉದ್ದದ .357 ಸಲೀಸಾಗಿ ಇಳಿಯುವುದಿಲ್ಲ. ಖಾಲಿ ಹಿತ್ತಾಳೆ ಕೇಸ್‌ಗಳನ್ನು ರೀಲೋಡಿಂಗ್‌ಗೆಂದು, ಅಂದರೆ ಮತ್ತೆ ತುಂಬಿಸಿ ಬಳಸಲೆಂದು, ಎತ್ತಿಡುತ್ತಿದ್ದೇನೆ.