ಕ್ಯಾನೂ ಪ್ರವಾಸಕ್ಕೆ ಕ್ಯಾನ್ವಾಸ್ ಪ್ಯಾಕ್: ಮೇಣದ್ದೋ, ಸಾದಾದ್ದೋ?

ಶ್ರೀಧರ, ಪುಣೆ:
ಮುಳಶಿ ಜಲಾಶಯದ ಕಡೆ ಕ್ಯಾನೂದಲ್ಲಿ (ಹುಟ್ಟು ಹಾಕೋ ಕಿರಿದಾದ ದೋಣಿ) ಎರಡು-ಮೂರು ದಿನದ ಸುತ್ತಾಟಕ್ಕೆ, ಅಮೆರಿಕದ ಡುಲುತ್ ಊರಿನ ಹಳೇ ಮಾದರಿಯ, ಬೆನ್ನಿಗೆ ಹಾಕೋ ಕ್ಯಾನ್ವಾಸ್ ಪ್ಯಾಕ್ ಬೇಕು. ಚದರ ಗಜಕ್ಕೆ 15 ಔನ್ಸ್ ತೂಗೋ ಸಾದಾ ಬಟ್ಟೆ, 18 ಔನ್ಸಿನ ಮೇಣದ ಬಟ್ಟೆ, ಇವೆರಡರಲ್ಲಿ ನಮ್ಮ ಹವೆಗೆ ಯಾವುದು? ಭಾರವನ್ನ ತಲೆಯ ಮೇಲೂ ಹೊರೋಕೆ ಪ್ಯಾಕಿಗೆ ಕಟ್ಟೋ ಹಣೆಪಟ್ಟಿ ನಿಜಕ್ಕೂ ಬೇಕಾ? ಅಮೆರಿಕದಿಂದ ತರಿಸೋ ಬದಲು ಇಲ್ಲೇ ಹೊಲಿಸಬಹುದಾ?

ಮಡಗಾಂವ್‌ಕರ:
ಸಾದಾದ್ದೇ ತಗೊಳ್ರಿ. ಮೇಣ ಮಳೆ ಹನಿ ಜಾರಿಸುತ್ತೆ ಅಷ್ಟೆ. ದೋಣಿತಳದಲ್ಲಿ ನಿಂತ ನೀರಲ್ಲಿ ಕೂತರೆ ಅದೂ ಹೊಲಿಗೆಯಿಂದ ಒಸರುತ್ತೆ. ಸಾಮಾನು ಒಣಗಿರೋದು ಒಳಚೀಲದಿಂದ. 150 ಮೈಕ್ರಾನಿನ ಪ್ಲಾಸ್ಟಿಕ್ ಚೀಲ, ಪ್ಯಾಕಿಗಿಂತ ಒಂದೂವರೆ ಪಟ್ಟು ಉದ್ದ ಇರಲಿ. ಗಾಳಿ ಹೊರಹಾಕಿ, ಬಾಯಿ ತಿರುಚಿ, ಮಡಚಿ, ರಬ್ಬರಿನಿಂದ ಬಿಗೀರಿ. ಏಪ್ರಿಲ್ ಬಿಸಿಲಿಗೆ ಮೇಣ ಅಂಟಾಗಿ ಮಣ್ಣೆಲ್ಲ ಹಿಡಿಯುತ್ತೆ.

ಡೊಂಬಿವಲಿ ರಮಾ:
ಪೂರ್ತಿ ಒಪ್ಪಲ್ಲ. ಮೇಣದ ಬಟ್ಟೆ ನೀರು ಕುಡಿಯೋದು ಕಡಿಮೆ, ಹಾಗಾಗಿ ಒದ್ದೆಯಾದಾಗ ಭಾರ ಅಷ್ಟು ಏರಲ್ಲ. ಬುಡ ಮತ್ತು ಮುಚ್ಚಳಕ್ಕೆ ಮಾತ್ರ ಮೇಣ ಹಾಕಿದರೆ ಇಬ್ಬರ ಮಾತೂ ಉಳಿಯುತ್ತೆ. ಜೇನುಮೇಣ, ಪ್ಯಾರಾಫಿನ್ ಸಮಪಾಲು ಕರಗಿಸಿ ಅಚ್ಚು ಮಾಡಿ, ಬಟ್ಟೆಗೆ ಉಜ್ಜಿ, ಹೇರ್ ಡ್ರೈಯರಿನಿಂದ ಇಳಿಸಿ. ಕರಗಿಸೋದು ಬಿಸಿನೀರಿನ ಪಾತ್ರೆಯಲ್ಲಿಟ್ಟು, ನೇರ ಉರಿಯ ಮೇಲೆ ಬೇಡ.

ಹೊಲಿಸೋದಾದರೆ ಅಂಗಡಿಯಲ್ಲಿ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಅಂತ) ಲೆಕ್ಕ ಕೇಳಿ: 15 ಔನ್ಸ್ ಅಂದರೆ ಸುಮಾರು 510, 18 ಅಂದರೆ 610. ಮನೆ ಮಿಷನ್ ನಾಲ್ಕು ಪದರಕ್ಕೆ ಮುಗ್ಗರಿಸುತ್ತೆ. ತಾಡಪತ್ರಿ ಹೊಲಿಯೋರ ಹತ್ರ ಹೋಗಿ. ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ನೆನೆದು ಉಬ್ಬಿ ಸೂಜಿತೂತು ಮುಚ್ಚುತ್ತೆ ನಿಜ, ಆದರೆ ಒಂದೆರಡು ಮಳೆಗಾಲಕ್ಕೆ ಕೊಳೆಯುತ್ತೆ. ಮೊದಲು ಕಿತ್ತುಬರೋದು ಭುಜಪಟ್ಟಿಯ ಬುಡ. ಅಲ್ಲಿ ಒಳಗಿನಿಂದ ಚರ್ಮದ ತುಂಡು ಕೊಟ್ಟು ತಾಮ್ರದ ರಿವೆಟ್ ಹಾಕಿಸಿ, ಬರೀ ಹೊಲಿಗೆಗೆ ಬಿಡಬೇಡಿ. ಎತ್ತರ ಕಡಿಮೆ, ಅಗಲ ಜಾಸ್ತಿ ಇರಬೇಕು, ದೋಣಿಯ ಅಂಚಿಗಿಂತ ಮೇಲೆದ್ದರೆ ಗಾಳಿ ಹಿಡಿಯುತ್ತೆ.

ಮಡಗಾಂವ್‌ಕರ:
ಬುಡಕ್ಕೆ ಮೇಣ, ಸರಿ ಮೇಡಂ.

ಹಣೆಪಟ್ಟಿ ವಿಷಯ: ಈ ಪ್ಯಾಕಿಗೆ ಸೊಂಟಪಟ್ಟಿ ಇರಲ್ಲ, ಭಾರವೆಲ್ಲ ಭುಜಕ್ಕೇ. ಒಂದು ನೀರಿನಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್ ಹೊರೋದಿದ್ದರೆ ಬೇಕು, ದಡದಿಂದ ಡೇರೆಗೆ ಮಾತ್ರ ಆದರೆ ಬೇಡ. ಹೆಸರು ಹಣೆಪಟ್ಟಿಯಾದರೂ ಹಣೆಗಲ್ಲ, ಕೂದಲು ಶುರುವಾಗೋ ಗೆರೆಗಿಂತ ಮೇಲೆ ನೆತ್ತಿಯ ಕಡೆಗೆ ಕೂರಬೇಕು; ಹಣೆಗೆ ಇಳಿದರೆ ಕುತ್ತಿಗೆ ಹಿಂದಕ್ಕೆ ಎಳೆಯುತ್ತೆ. ಅಂದಹಾಗೆ ಡುಲುತ್‌ನ ಕ್ಯಾಮಿಲ್ ಪೊಯ್ರಿಯೆ 1882ರಲ್ಲಿ ಪೇಟೆಂಟ್ ಪಡೆದ ಪ್ಯಾಕಿನಲ್ಲಿ ಕೊಡೆ ಸಿಕ್ಕಿಸೋ ಜಾಗವೂ ಇತ್ತು. ಸಹ್ಯಾದ್ರಿಗೆ ಅದೇ ಬೇಕಿತ್ತು!

ಶ್ರೀಧರ, ಪುಣೆ:
ಗೋವೆಯ ಹಿನ್ನೀರಿಗೂ ಒಯ್ಯಬಹುದಾ?

ಡೊಂಬಿವಲಿ ರಮಾ:
ಒಯ್ಯಿ, ಆದರೆ ಅದೇ ದಿನ ಸಿಹಿನೀರಲ್ಲಿ ಜಾಲಿಸಿ. ಉಪ್ಪು ಉಳಿದರೆ ತೇವ ಎಳೆದುಕೊಳ್ಳುತ್ತೆ, ಬಟ್ಟೆ ಪೂರ್ತಿ ಒಣಗೋದೇ ಇಲ್ಲ, ಬೂಷ್ಟು ಹಿಡಿಯುತ್ತೆ. ಬಕಲ್ ಹಿತ್ತಾಳೆಯದ್ದಿರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿ ಮುಚ್ಚಿಡದೆ, ಫ್ಯಾನ್ ಗಾಳಿ ತಾಗೋ ಕಡೆ ಬಾಯಿ ತೆರೆದು ತೂಗುಹಾಕಿ.