ಮೇಲಿನ ಮನೆಗೆ ದುಡ್ಡು ಸಾಲುತ್ತಿಲ್ಲ, ಕೆಳಗಿನದನ್ನು ಲೀಸ್‌ಗೆ ಹಾಕಲಾ?

ಕೆಂಗೇರಿ ಹುಡುಗ:
ಕೆಂಗೇರಿ ಉಪನಗರದಲ್ಲಿ ಅಪ್ಪನ 30x40 ಅಡಿಯ ಸೈಟಿದೆ. ಬಾಡಿಗೆಗೆಂದು ಅದರಲ್ಲಿ ಮೂರು ಮನೆ ಕಟ್ಟಿಸುತ್ತಿದ್ದೇನೆ, ಒಂದರ ಮೇಲೊಂದು. ಬ್ಯಾಂಕ್ ಸಾಲ 35 ಲಕ್ಷ, ಬಡ್ಡಿ 8.5, 20 ವರ್ಷ. ಇಎಂಐ ಸುಮಾರು 30,400. ಕೆಳಗಿನ ಎರಡು ಮನೆ ಮುಗಿದಿವೆ. ಮೂರನೆಯದಕ್ಕೆ ಗೋಡೆ, ಮೋಲ್ಡಿಂಗ್ ಆಗಿದೆ ಅಷ್ಟೇ. ಇನ್ನೂ 10 ಲಕ್ಷ ಬೇಕು, ಕೈ ಖಾಲಿ. ಕಬ್ಬಿಣ ತರಿಸಿದಾಗಲೇ ಲೆಕ್ಕ ತಪ್ಪಿತ್ತು.

ಕೆಳಗಿನ ಮನೆಯನ್ನು 10 ಲಕ್ಷಕ್ಕೆ ಮೂರು ವರ್ಷ ಲೀಸ್‌ಗೆ ಹಾಕಿ, ತಿಂಗಳ ಬಾಡಿಗೆ ಇರಲ್ಲ, ಅವಧಿ ಮುಗಿದಾಗ ಅದೇ 10 ಲಕ್ಷ ವಾಪಸ್ ಕೊಟ್ಟರಾಯಿತು, ಬಡ್ಡಿ ಇಲ್ಲದ ದುಡ್ಡು ಅಂತಾರೆ ಬ್ರೋಕರ್. ಬಾಡಿಗೆಗೆ ಕೊಟ್ಟರೆ ಅದಕ್ಕೆ 14,000 ಬರುತ್ತದೆ. ಏನು ಮಾಡಲಿ?

ಓನರಮ್ಮ:
ಬಡ್ಡಿ ಇಲ್ಲ ಅಂದವರು ಯಾರಪ್ಪಾ? ತಿಂಗಳಿಗೆ 14,000 ಬಿಟ್ಟುಕೊಟ್ಟರೆ ವರ್ಷಕ್ಕೆ 1,68,000. 10 ಲಕ್ಷಕ್ಕೆ ಅದು ಹೆಚ್ಚುಕಡಿಮೆ ನೂರಕ್ಕೆ 17 ಬಡ್ಡಿ. ಅದೇ 10 ಲಕ್ಷವನ್ನು ಬ್ಯಾಂಕು ಇದೇ ದರಕ್ಕೆ ಕೊಟ್ಟರೆ ಇಎಂಐ 8,700 ಜಾಸ್ತಿ ಆಗುತ್ತದೆ, ಅಸಲೂ ತೀರುತ್ತಾ ಹೋಗುತ್ತದೆ. ಲೀಸ್‌ನಲ್ಲಿ ಮೂರು ವರ್ಷ ಕಳೆದರೂ 10 ಲಕ್ಷ ಹಾಗೇ ನಿಮ್ಮ ತಲೆ ಮೇಲೆ.

ನಾನು ಈ ಪಾಠಕ್ಕೆ ಫೀಸು ಕಟ್ಟಿದವಳು. 2017ರಲ್ಲಿ ಕೆಳಗಿನ ಮನೆಯನ್ನು 7 ಲಕ್ಷಕ್ಕೆ ಲೀಸ್ ಕೊಟ್ಟೆ. ದುಡ್ಡೆಲ್ಲ ಟೈಲ್ಸು, ಮೆಟ್ಟಿಲ ಕಂಬಿ, ಬಾಗಿಲಿಗೆ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಅವರಿಗೆ ಕೆಲಸ ಹೋಯಿತು, ಊರಿಗೆ ಹೊರಟರು. ದುಡ್ಡು ಕೇಳಿದ್ದು ನ್ಯಾಯವೇ. ಆದರೆ ಆಗ ಹೊಸಬರು ಯಾರು ಬರುತ್ತಾರೆ? ಮಗಳಿಗೆಂದು ಎತ್ತಿಟ್ಟಿದ್ದ ಒಡವೆ ಅಡ ಇಟ್ಟು ಕೊಟ್ಟೆ. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಮೂರು ಮನೆಗೂ ಕರೆಂಟ್ ಮೀಟರ್ ಬೇರೆ ಬೇರೆ ಹಾಕಿಸಿದ್ದೀರಿ ತಾನೇ? ಇನ್ನು ಮೋಟರ್ ಸ್ವಿಚ್ಚು. ಅದು ಒಬ್ಬರ ಮನೆಯೊಳಗೆ ಇರಬಾರದು. ನನ್ನಲ್ಲಿ ಕೆಳಗಿನ ಮನೆಯೊಳಗೆ ಇತ್ತು. ಅವರು ಬೀಗ ಹಾಕಿ ಊರಿಗೆ ಹೋದರೆ ಮೇಲಿನವರಿಗೆ ಸ್ನಾನವಿಲ್ಲ, ಬೈಗುಳ ನನಗೆ.

ಲೆಕ್ಕದ ಪುಸ್ತಕ:
ಅಮ್ಮ ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ. ಮನೆ ಈಗ ಬ್ಯಾಂಕಿಗೆ ಅಡ ಇದೆ. ಲೀಸ್‌ಗೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು ಅಂತ ಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ತೆಗೆದು ಓದಿ. ಮೂರು ವರ್ಷದ ಲೀಸ್ ಅಂದಮೇಲೆ ರಿಜಿಸ್ಟರ್ ಕೂಡ ಆಗಬೇಕು. ಎಲ್ಲರೂ 11 ತಿಂಗಳ ಕರಾರು ಬರೆಯೋದು ಅದನ್ನು ತಪ್ಪಿಸೋಕೇ ಅಲ್ವಾ?

ಆದಾಯ ತೆರಿಗೆಯಲ್ಲಿ, ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಲ್ಲಿ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30 ರಿಪೇರಿ ಲೆಕ್ಕಕ್ಕೆ ಬಿಡುತ್ತಾರೆ. ಸಾಲದ ಬಡ್ಡಿಯೂ ಕಳೆಯುತ್ತದೆ. ಹೀಗೆ ನಷ್ಟ ಬಂದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಇಳಿಸಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಅದಿಲ್ಲ.

ಲೀಸ್ ಮನೆಯವನು:
ಬಾಡಿಗೆದಾರನಾಗಿ ಹೇಳುತ್ತೇನೆ. ಹಿಂದಿನ ಓನರ್ ನನ್ನ 6 ಲಕ್ಷ ವಾಪಸ್ ಕೊಡಲು ಎಂಟು ತಿಂಗಳು ಅಲೆಸಿದರು. ಕೆಟ್ಟವರಲ್ಲ, ದುಡ್ಡು ಗೋಡೆಯಲ್ಲಿತ್ತು. ನಾನು ಖಾಲಿ ಮಾಡದೆ ಕೂತೆ. ಇಬ್ಬರಿಗೂ ಮುಖ ನೋಡೋಕೆ ಆಗದ ಹಾಗಾಯಿತು.

ಕೆಂಗೇರಿ ಹುಡುಗ:
ಇವತ್ತು ಬ್ಯಾಂಕಿಗೆ ಹೋಗಿದ್ದೆ. ಟಾಪ್ ಅಪ್, ಅಂದರೆ ಈಗಿನ ಸಾಲದ ಮೇಲೆ ಇನ್ನಷ್ಟು ಸಾಲ ಕೇಳಿದೆ. ಅವರ ಎಂಜಿನಿಯರ್ ಬಂದು ಕಟ್ಟಡ ನೋಡಿ ಬೆಲೆ ಕಟ್ಟಬೇಕಂತೆ. ಅಲ್ಲಿಯವರೆಗೆ ಮುಗಿದ ಎರಡನ್ನೂ ಬಾಡಿಗೆಗೆ ಬಿಡುತ್ತೇನೆ. 28,000 ಬಂದರೆ ಇಎಂಐಗೆ ಕೈಯಿಂದ 2,400 ಹಾಕಿದರೆ ಸಾಕು. ಮೇಲಿನದಕ್ಕೆ ಸದ್ಯ ಟಾರ್ಪಾಲು.

ಓನರಮ್ಮ, ಮೀಟರ್ ಬೇರೆ ಬೇರೆಯೇ ಇದೆ. ಮೋಟರ್ ಸ್ವಿಚ್ಚು ಮಾತ್ರ ಕೆಳಗಿನ ಅಡುಗೆಮನೆಯಲ್ಲಿದೆ. ನಾಳೆಯೇ ಎಲೆಕ್ಟ್ರಿಷಿಯನ್‌ನ ಕರೆಸುತ್ತೇನೆ.