ಹೆಪಾರಿನ್ ಕೊಡುತ್ತಿರುವಾಗಲೇ ಪ್ಲೇಟ್‌ಲೆಟ್ ಇಳಿದಿದೆ, ಕಾಲೂ ಊದಿದೆ: ಡೆಂಗಿಯೋ, ಎಚ್‌ಐಟಿಯೋ?

ಬದಿಯಡ್ಕ_ಡ್ಯೂಟಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ಆಸ್ಪತ್ರೆಯಿಂದ ಕೇಳುತ್ತಿದ್ದೇನೆ. 64 ವರ್ಷದ ಹೆಂಗಸು, ತೂಕ 58 ಕಿಲೋ. ಸೊಂಟದ ಮೂಳೆ ಮುರಿದು ಮಂಗಳೂರಿನಲ್ಲಿ ಆಪರೇಷನ್ ಆಗಿದೆ. ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಾದಾ ಹೆಪಾರಿನ್ 5000 ಯೂನಿಟ್ ದಿನಕ್ಕೆ ಎರಡು ಸಲ ಕೊಟ್ಟಿದ್ದಾರೆ. ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಎನಾಕ್ಸಪಾರಿನ್ (ಇದೂ ಹೆಪಾರಿನ್ ಜಾತಿಯದೇ) 40 ಮಿಗ್ರಾಂ ದಿನಕ್ಕೊಂದು.

ಹೆಪಾರಿನ್ ಸುರುವಾದ ದಿನವನ್ನು 0 ಎಂದು ಹಿಡಿದರೆ ಪ್ಲೇಟ್‌ಲೆಟ್ ಹೀಗಿದೆ: 0ನೇ ದಿನ 2,40,000. 2ನೇ ದಿನ, ಅಂದರೆ ಆಪರೇಷನ್ ಆದ ಮರುದಿನ, 1,85,000. 5ನೇ ದಿನ 2,60,000. ಇವತ್ತು 9ನೇ ದಿನ 82,000. ಎಡ ಮೀನಖಂಡ ನಿನ್ನೆಯಿಂದ ಊದಿದೆ, ಮುಟ್ಟಿದರೆ ನೋವು. ಹೊಟ್ಟೆಯಲ್ಲಿ ಇಂಜೆಕ್ಷನ್ ಕೊಟ್ಟ ಎರಡು ಕಡೆ ಚರ್ಮ ಕೆಂಪಾಗಿ ಗಟ್ಟಿಯಾಗಿದೆ. ಜ್ವರ ಇಲ್ಲ. ಹಿಮೋಗ್ಲೋಬಿನ್ 10.2, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) 31, ಕ್ರಿಯಾಟಿನಿನ್ (ಕಿಡ್ನಿಯ ಅಂಕಿ) 0.9. ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್.

ಮಳೆಗಾಲ, ಸುತ್ತಮುತ್ತ ಡೆಂಗಿ ಇದೆ, ಪ್ಲೇಟ್‌ಲೆಟ್ ಹಾಕಿಸುವ ಎಂದು ಇಲ್ಲಿ ಮಾತು ನಡೆದಿದೆ. ನನಗೆ ಹೆಪಾರಿನ್ ಮೇಲೆಯೇ ಸಂಶಯ, ಅಂದರೆ ಎಚ್‌ಐಟಿ (ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿದು, ಹೆಪ್ಪೂ ಕಟ್ಟುವ ತೊಂದರೆ). ಅದರ ಆಂಟಿಬಾಡಿ ಪರೀಕ್ಷೆ ಇಲ್ಲಿ ಇಲ್ಲ, ಹೊರಗೆ ಕಳಿಸಬೇಕು. ವರದಿ ಬರುವವರೆಗೆ ಎನಾಕ್ಸಪಾರಿನ್ ಮುಂದುವರಿಸಬಹುದೇ?

ರಕ್ತಶಾಸ್ತ್ರ_ಕುಡ್ಲ

ಎನಾಕ್ಸಪಾರಿನ್ ಈಗಲೇ ನಿಲ್ಲಿಸಿ. ಇವತ್ತು ರಾತ್ರಿಯ ಡೋಸ್ ಕೂಡ ಬೇಡ. ಪ್ಲೇಟ್‌ಲೆಟ್ ಹಾಕಿಸಬೇಡಿ.

ಎಚ್‌ಐಟಿಯ ಸಾಧ್ಯತೆ ಅಳೆಯುವ ನಾಲ್ಕು ಟಿ ಸ್ಕೋರ್ ಹಾಕಿ ನೋಡುವ. ಇಳಿಕೆಯನ್ನು 0ನೇ ದಿನದ ಅಂಕಿಯಿಂದ ಅಲ್ಲ, ಹೆಪಾರಿನ್ ಸುರುವಾದ ಮೇಲಿನ ಅತಿ ಹೆಚ್ಚಿನ ಅಂಕಿಯಿಂದ ಲೆಕ್ಕ ಹಾಕಬೇಕು. 2,60,000ದಿಂದ 82,000 ಅಂದರೆ ಶೇ. 68 ಇಳಿಕೆ. ಶೇ. 50ಕ್ಕಿಂತ ಹೆಚ್ಚು ಇಳಿದು, ಕನಿಷ್ಠ ಮಟ್ಟ 20,000ಕ್ಕಿಂತ ಕೆಳಗೆ ಹೋಗದಿದ್ದರೆ 2 ಅಂಕ. ಇಳಿಕೆ 5ರಿಂದ 10ನೇ ದಿನದೊಳಗೆ ಸುರುವಾಗಿದೆ, ಅದಕ್ಕೆ 2. ಹೊಸ ರಕ್ತಹೆಪ್ಪು ಡಾಪ್ಲರ್ ಸ್ಕ್ಯಾನ್‌ನಲ್ಲಿ ಖಚಿತವಾದರೆ 2, ಬರೀ ಸಂಶಯವಾದರೆ 1. ಬೇರೆ ಕಾರಣ ಏನೂ ಕಾಣದಿದ್ದರೆ 2, ಇರಬಹುದು ಅನಿಸಿದರೆ 1. ನಿಮ್ಮ ರೋಗಿಗೆ ಎಷ್ಟು ಜಿಪುಣತನದಿಂದ ಕೊಟ್ಟರೂ 6 ಆಗುತ್ತದೆ. 0ರಿಂದ 3 ಬಂದರೆ ಎಚ್‌ಐಟಿ ಅಲ್ಲವೆಂದು ಹೆಚ್ಚುಕಡಿಮೆ ಬಿಟ್ಟುಬಿಡಬಹುದು. 4–5 ಮಧ್ಯಮ. 6ರಿಂದ 8 ಬಂದರೆ ಪರೀಕ್ಷೆಗೆ ಕಾಯದೆ ಚಿಕಿತ್ಸೆ ಸುರುಮಾಡಬೇಕು.

ಅಂಕಿಗಳ ಏರಿಳಿತವನ್ನೇ ಸ್ವಲ್ಪ ನೋಡಿ. 2ನೇ ದಿನದ 1,85,000 ಆಪರೇಷನ್ನಿನ ಇಳಿಕೆ, ಎಲ್ಲರಿಗೂ ಆಗುವಂಥದ್ದು. ಆಮೇಲೆ ಏರಿ 2,60,000 ಆಗಿದೆ. ಹಾಗೆ ಏರಿದ್ದು ಮತ್ತೆ ಬಿದ್ದಿದೆಯಲ್ಲ, ಆ ಎರಡನೇ ಬೀಳುವಿಕೆಯೇ ಎಚ್‌ಐಟಿಯ ಗುರುತು. 5ನೇ ದಿನದ ಅಂಕಿ ಇಲ್ಲದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಮಂಗಳೂರಿನಲ್ಲಿ ಆಪರೇಷನ್ ಆಗಿ ಗಡಿ ದಾಟಿ ಊರಿಗೆ ಬಂದವರ ಡಿಸ್ಚಾರ್ಜ್ ಚೀಟಿಯಲ್ಲಿ ಹೆಪಾರಿನ್‌ನ ಮೊದಲ ದಿನ ಎಷ್ಟೋ ಸಲ ಬರೆದಿರುವುದಿಲ್ಲ. ವಾರ್ಡಿಗೆ ಫೋನ್ ಮಾಡಿ ಡ್ರಗ್ ಚಾರ್ಟ್ ನೋಡಿ ಹೇಳಲು ಕೇಳಬೇಕು. ಕಳೆದ 30 ದಿನಗಳಲ್ಲಿ ಆಂಜಿಯೋಗ್ರಾಂ, ಡಯಾಲಿಸಿಸ್ ಏನಾದರೂ ಆಗಿದೆಯೇ ಅಂತಲೂ ವಿಚಾರಿಸಿ, ಅವುಗಳಲ್ಲೂ ಹೆಪಾರಿನ್ ಹೋಗುತ್ತದೆ. ಆಗಿದ್ದರೆ ಆಂಟಿಬಾಡಿ ಮೊದಲೇ ತಯಾರಿರುತ್ತದೆ, ಹೊಸ ಡೋಸ್ ಕೊಟ್ಟ 24 ಗಂಟೆಯೊಳಗೇ ಪ್ಲೇಟ್‌ಲೆಟ್ ಬೀಳಬಹುದು.

ಡೆಂಗಿಯ ವಿಷಯ: ಎನ್‌ಎಸ್1 ನೆಗೆಟಿವ್ ಎಂಬುದೊಂದನ್ನೇ ನಂಬಬೇಡಿ, ಜ್ವರ ಸುರುವಾಗಿ ಐದು ದಿನ ದಾಟಿದರೆ ಅದು ಹೇಗೂ ನೆಗೆಟಿವ್ ಬರಬಹುದು. ಆದರೆ ಇವರಿಗೆ ಜ್ವರವೇ ಬಂದಿಲ್ಲ, ಹೆಮಟೋಕ್ರಿಟ್ ಏರಿಲ್ಲ. ಬಿಳಿ ಕಣ ಎಷ್ಟಿದೆ? ಡೆಂಗಿಯಲ್ಲಿ ಅದು ಸಾಮಾನ್ಯವಾಗಿ ಇಳಿದಿರುತ್ತದೆ. ಇಲಿಜ್ವರದಲ್ಲಿ ಕಣ್ಣು ಕೆಂಪು, ಕ್ರಿಯಾಟಿನಿನ್ ಮತ್ತು ಬಿಲಿರುಬಿನ್ ಏರಿಕೆ ನೋಡಬೇಕು. ಡೆಂಗಿಯ ಐಜಿಎಂ ಆಂಟಿಬಾಡಿ ಪರೀಕ್ಷೆಗೆ ಕಳಿಸಿ, ಬೇಡ ಅನ್ನುವುದಿಲ್ಲ. ಎಚ್‌ಐಟಿ ಚಿಕಿತ್ಸೆಯನ್ನು ಅದಕ್ಕಾಗಿ ತಡಮಾಡಬೇಡಿ.

ಪ್ಲೇಟ್‌ಲೆಟ್ ಯಾಕೆ ಬೇಡ ಅಂದರೆ, ಇಲ್ಲಿ ಅವು ಬರೀ ಕಡಿಮೆಯಾಗುತ್ತಿಲ್ಲ, ಕೆರಳಿ ಹೆಪ್ಪು ಕಟ್ಟುವುದರಲ್ಲಿ ಖರ್ಚಾಗುತ್ತಿವೆ. ಪ್ಲೇಟ್‌ಲೆಟ್ ಬಿಡುವ ಪಿಎಫ್4 ಪ್ರೋಟೀನಿಗೆ ಹೆಪಾರಿನ್ ಅಂಟಿಕೊಂಡ ಜೋಡಿಯ ಮೇಲೆ ಐಜಿಜಿ ಆಂಟಿಬಾಡಿ ಕೂರುತ್ತದೆ, ಅದರ ಬಾಲ ಪ್ಲೇಟ್‌ಲೆಟ್‌ನ ಗ್ರಾಹಕಕ್ಕೆ ತಗುಲಿ ಅದನ್ನು ಕೆರಳಿಸುತ್ತದೆ. ಹೊಸ ಪ್ಲೇಟ್‌ಲೆಟ್ ಹಾಕಿದರೆ ಉರಿಯುವ ಒಲೆಗೆ ಕಟ್ಟಿಗೆ ಒಟ್ಟಿದ ಹಾಗೆ. ಜೋರು ರಕ್ತಸ್ರಾವ ಇದ್ದರೆ, ಅಥವಾ ರಕ್ತಸ್ರಾವದ ಭಯವಿರುವ ಆಪರೇಷನ್ ಮಾಡಲೇಬೇಕಾದರೆ ಮಾತ್ರ ಕೊಡುವುದು.

ಉಪ್ಪಳ_ಲ್ಯಾಬ್

ಮೊದಲು ಆ 82,000 ನಿಜವೇ ಎಂದು ನೋಡಿ. ರಕ್ತಕಣ ಎಣಿಕೆಗೆ ತೆಗೆಯುವ ಇಡಿಟಿಎ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಗುಂಪುಗಟ್ಟುತ್ತದೆ, ಮೆಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ಗಾಜಿನ ಮೇಲೆ ರಕ್ತದ ಸ್ಮಿಯರ್ ಎಳೆದು ಅಂಚಿನ ಭಾಗದಲ್ಲಿ ಗುಂಪುಗಳಿವೆಯೇ ನೋಡಿ. ಇದ್ದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದ ಅಂಕಿಯನ್ನು 1.1ರಿಂದ ಗುಣಿಸಿ.

ಆಂಟಿಬಾಡಿಗೆ ಕೆಲವು ಲ್ಯಾಬ್ ಸೀರಂ ಕೇಳುತ್ತವೆ, ಕೆಲವು ಸಿಟ್ರೇಟ್ ಪ್ಲಾಸ್ಮಾ. ಫೋನ್ ಮಾಡಿ ಕೇಳಿಯೇ ತೆಗೆಯಿರಿ. ಸಿಟ್ರೇಟ್ ಆದರೆ ಗೆರೆಯವರೆಗೆ ಪೂರ್ತಿ ತುಂಬಬೇಕು. ಸೆಂಟ್ರಿಫ್ಯೂಜ್ ಮಾಡಿ ಬೇರ್ಪಡಿಸಿ ತಣ್ಣಗಿಟ್ಟು ಕಳಿಸಿ, ಇಡೀ ರಕ್ತವನ್ನು ಬಿಸಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಬೇಡಿ. ಹೆಪಾರಿನ್ ಬಿಟ್ಟು ಬೇರೆ ಮದ್ದು ಸುರುಮಾಡುವ ಮೊದಲೇ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳಾದ ಪಿಟಿ, ಎಪಿಟಿಟಿ, ಫೈಬ್ರಿನೋಜನ್ ತೆಗೆದಿಡಿ. ಆಮೇಲೆ ಹೋಲಿಸಲು ಅದೇ ಆಧಾರ.

ವರದಿಯಲ್ಲಿ "ಪಾಸಿಟಿವ್" ಎಂದು ಮಾತ್ರ ಬರೆದಿದ್ದರೆ ಸಾಲದು, ಎಲೈಸಾದ (ಈ ಆಂಟಿಬಾಡಿ ಪರೀಕ್ಷೆಯ ವಿಧಾನ) ಓಡಿ, ಅಂದರೆ ಬಣ್ಣದ ಗಾಢತೆಯ ಅಂಕಿ ಕೇಳಿ ಪಡೆಯಿರಿ. ಹೆಚ್ಚಿನ ಕಿಟ್‌ಗಳಲ್ಲಿ 0.4ರ ಕೆಳಗೆ ನೆಗೆಟಿವ್. 0.4ರಿಂದ 1.0ರೊಳಗೆ ಬಂದರೆ ನಿಜವಾದ ಎಚ್‌ಐಟಿ ಅಪರೂಪ. 2.0 ದಾಟಿದರೆ ಸಂಶಯ ಬಹಳ ಗಟ್ಟಿ. ಐಜಿಜಿ ಮಾತ್ರ ಹಿಡಿಯುವ ಕಿಟ್ ಆದರೆ ಸುಳ್ಳು ಪಾಸಿಟಿವ್ ಕಡಿಮೆ. ಸ್ಕೋರ್ ಕಡಿಮೆ ಇರುವವರ ಸ್ಯಾಂಪಲ್ ಕಳಿಸುವುದು ಒಳ್ಳೆಯದಲ್ಲ, ರೋಗ ಮಾಡದ ಆಂಟಿಬಾಡಿ ತುಂಬ ಜನರಲ್ಲಿ ಸಿಗುತ್ತದೆ, ಮತ್ತೆ ಸುಮ್ಮನೆ ದುಬಾರಿ ಮದ್ದು.

ಬದಿಯಡ್ಕ_ಡ್ಯೂಟಿ

ಸ್ಮಿಯರ್‌ನಲ್ಲಿ ಗುಂಪು ಇಲ್ಲ. ಬಿಳಿ ಕಣ 9,400. ಡಾಪ್ಲರ್ ಆಯಿತು: ಎಡ ಮೊಣಕಾಲಿನ ಹಿಂದಿನ ಪಾಪ್ಲಿಟಿಯಲ್ ವೇನ್‌ನಲ್ಲಿ ಹೆಪ್ಪು, ಬಲಗಾಲಿನಲ್ಲೂ ಮೀನಖಂಡದ ವೇನ್‌ನಲ್ಲಿ ಸಣ್ಣದೊಂದು. ಬಲಗಾಲಿಗೆ ಊತವೇ ಇರಲಿಲ್ಲ. ಎನಾಕ್ಸಪಾರಿನ್ ನಿಂತಿದೆ, ಸ್ಯಾಂಪಲ್ ಹೋಗಿದೆ. ಹೆಪಾರಿನ್ ಬದಲು ಡ್ರಿಪ್‌ನಲ್ಲಿ ಕೊಡುವ ಆರ್ಗಾಟ್ರೋಬಾನ್ ಇಲ್ಲಿ ಸಿಗುವುದಿಲ್ಲ. ಹೊಟ್ಟೆಯ ಒಂದು ಕಲೆಯ ನಡುವೆ ಕಪ್ಪಾಗಿದೆ. ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ಸುರುಮಾಡಲೇ?

ರಕ್ತಶಾಸ್ತ್ರ_ಕುಡ್ಲ

ವಾರ್ಫರಿನ್ ಬೇಡವೇ ಬೇಡ, ಪ್ಲೇಟ್‌ಲೆಟ್ 1,50,000 ತಲುಪುವವರೆಗೆ ಮುಟ್ಟಬೇಡಿ. ಅದು ಮೊದಲು ಇಳಿಸುವುದು ದೇಹದಲ್ಲೇ ಹೆಪ್ಪು ತಡೆಯುವ ಪ್ರೋಟೀನ್ ಸಿ ಯನ್ನು. ಅಷ್ಟರಲ್ಲಿ ಹೆಪ್ಪು ಕಟ್ಟಿಸುವ ಥ್ರಾಂಬಿನ್ ಹುಟ್ಟುತ್ತಲೇ ಇರುತ್ತದೆ, ಸಣ್ಣ ವೇನ್‌ಗಳು ಮುಚ್ಚಿ ಊದಿದ ಕಾಲು ಗ್ಯಾಂಗ್ರೀನ್‌ಗೆ ತಿರುಗುತ್ತದೆ. ಯಾರಾದರೂ ಆಗಲೇ ಕೊಟ್ಟಿದ್ದರೆ ವಿಟಮಿನ್ ಕೆ 5ರಿಂದ 10 ಮಿಗ್ರಾಂ ಕೊಟ್ಟು ಅದರ ಪರಿಣಾಮ ತೆಗೆಯಬೇಕು.

ಸಾಮಾನ್ಯ ಇಂಜೆಕ್ಷನ್ ಕಲೆ ನೀಲಿಯಾಗಿ, ನೋವಿಲ್ಲದೆ, ದಿನೇ ದಿನೇ ಹಳದಿಗೆ ತಿರುಗುತ್ತದೆ. ಕೆಂಪು, ಗಟ್ಟಿ, ನೋವು, ನಡುವೆ ಕಪ್ಪು ಎಂದರೆ ಚರ್ಮ ಸಾಯುತ್ತಿದೆ ಎಂದರ್ಥ. ಈಗ ನಿಮ್ಮ ಸ್ಕೋರ್ 8.

ಬಿಪಿ ಸ್ಥಿರವಾಗಿದ್ದು, ಕಾಲಿನ ಬಣ್ಣ, ನಾಡಿ ಸರಿ ಇದ್ದರೆ ಹೆಪಾರಿನ್ ಅಲ್ಲದ, ಹೆಪ್ಪು ತಡೆಯುವ ಇಂಜೆಕ್ಷನ್ ಫಾಂಡಪಾರಿನಕ್ಸ್ ಸಾಕು: 50ರಿಂದ 100 ಕಿಲೋ ತೂಕಕ್ಕೆ 7.5 ಮಿಗ್ರಾಂ, ದಿನಕ್ಕೊಮ್ಮೆ ಚರ್ಮದಡಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 2.5 ಮಿಗ್ರಾಂ ಸಿರಿಂಜ್ ಹೆಪ್ಪು ಬಾರದಂತೆ ತಡೆಯುವ ಡೋಸ್, ಬಂದ ಹೆಪ್ಪಿಗೆ ಅದು ಸಾಲದು. ಕ್ರಿಯಾಟಿನಿನ್ 0.9 ಇದ್ದರೂ ಇವರ ವಯಸ್ಸಿಗೆ, ತೂಕಕ್ಕೆ ಕಿಡ್ನಿಯ ಕ್ಲಿಯರೆನ್ಸ್ (ರಕ್ತ ಸೋಸುವ ವೇಗ) ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 58 ಮಿಲಿ ಬರುತ್ತದೆ. 30ರ ಕೆಳಗಾದರೆ ಈ ಮದ್ದು ಬಿಡಬೇಕಿತ್ತು. ಇನ್ನೊಂದು ದಾರಿ ರಿವರಾಕ್ಸಬಾನ್ ಮಾತ್ರೆ 15 ಮಿಗ್ರಾಂ ಊಟದ ಜೊತೆ ದಿನಕ್ಕೆ ಎರಡು ಸಲ ಮೂರು ವಾರ, ಆಮೇಲೆ 20 ಮಿಗ್ರಾಂ ಒಂದು ಸಲ. ಎರಡಕ್ಕೂ ಮೊದಲು ಆಪರೇಷನ್ ಗಾಯದ ಪಟ್ಟಿ ಬಿಚ್ಚಿ ನೋಡಿ, ಒಳಗೆ ರಕ್ತ ಕೂಡಿದ ಊತ ಇರಬಾರದು. ಫಾಂಡಪಾರಿನಕ್ಸ್‌ನ ಅರ್ಧಾಯು 17ರಿಂದ 21 ಗಂಟೆ, ರಕ್ತ ಸುರುವಾದರೆ ತಿರುಗಿಸುವ ಮದ್ದಿಲ್ಲ.

ಕಾಲು ತಣ್ಣಗಾದರೆ, ನೀಲಿಯಾದರೆ, ಉಸಿರು ಕಟ್ಟಿದರೆ ಅಲ್ಲಿ ಇಟ್ಟುಕೊಳ್ಳಬೇಡಿ. ಆರ್ಗಾಟ್ರೋಬಾನ್ ಇರುವಲ್ಲಿಗೆ ಮೊದಲೇ ಫೋನ್ ಮಾಡಿ ಕಳಿಸಿ. ಲಿವರ್ ಸರಿಯಿದ್ದರೆ ಅದು ನಿಮಿಷಕ್ಕೆ ಕಿಲೋಗೆ 2 ಮೈಕ್ರೋಗ್ರಾಂ, ಎಪಿಟಿಟಿ ಮೊದಲಿನ ಒಂದೂವರೆಯಿಂದ ಮೂರು ಪಟ್ಟು ಇರುವಂತೆ.

ಐಸಿಯು_ಸಿಸ್ಟರ್_ಕುಂಬಳೆ

ಡಾಕ್ಟರ್ ಚಾರ್ಟಿನಲ್ಲಿ "ಹೆಪಾರಿನ್ ಸ್ಟಾಪ್" ಎಂದು ಬರೆದರೂ ರೋಗಿಗೆ ಹೆಪಾರಿನ್ ಹೋಗುತ್ತಲೇ ಇರುವುದುಂಟು. ಕ್ಯಾನುಲಾ, ಸೆಂಟ್ರಲ್ ಲೈನ್ ತೊಳೆಯುವ ಹೆಪಾರಿನ್ ನೀರು, ಆರ್ಟೀರಿಯಲ್ ಲೈನಿನ ಪ್ರೆಷರ್ ಬ್ಯಾಗ್, ಡಯಾಲಿಸಿಸ್ ಮೆಷಿನ್, ಹೆಪಾರಿನ್ ಲೇಪಿಸಿದ ಕ್ಯಾಥೆಟರ್, ಇವೆಲ್ಲ ನೋಡಬೇಕು. ಡ್ರಿಪ್ ಹಾಕಿದ ಕೈ ಊದಿದರೆ ಹಚ್ಚುವ ಮುಲಾಮಿನಲ್ಲೂ ಹೆಪಾರಿನ್ ಇರುತ್ತದೆ, ಟ್ಯೂಬಿನ ಹಿಂದೆ ಓದಿ. ತೊಳೆಯಲು ಬರೀ ಸಲೈನ್ ಸಾಕು. ಎಬಿಜಿ (ರಕ್ತದ ಅನಿಲ ಪರೀಕ್ಷೆ) ಸಿರಿಂಜ್ ಒಳಗಿನ ಹೆಪಾರಿನ್ ದೇಹಕ್ಕೆ ಹೋಗುವುದಿಲ್ಲ, ಅದಕ್ಕೆ ಹೆದರಬೇಡಿ. ಮಂಚದ ತಲೆಭಾಗದಲ್ಲೂ ಫೈಲಿನ ಮೇಲೂ ದೊಡ್ಡದಾಗಿ ಬರೆದು ಅಂಟಿಸಿ. ಮನೆಯಲ್ಲಿ ಉಳಿದ ಎನಾಕ್ಸಪಾರಿನ್ ಸಿರಿಂಜ್‌ಗಳನ್ನು ಮನೆಯವರಿಂದ ವಾಪಸು ತರಿಸಿಕೊಳ್ಳಿ, ಇಲ್ಲದಿದ್ದರೆ ಡಿಸ್ಚಾರ್ಜ್ ಆದ ಮೇಲೆ ಯಾರಾದರೂ ಮತ್ತೆ ಚುಚ್ಚುತ್ತಾರೆ.

ರಕ್ತಶಾಸ್ತ್ರ_ಕುಡ್ಲ

ಸಿಸ್ಟರ್ ಹೇಳಿದ ಮುಲಾಮಿನ ವಿಷಯ ತುಂಬ ಮುಖ್ಯ, ಹೆಚ್ಚಿನವರು ಕೇಳುವುದೇ ಇಲ್ಲ. ಪ್ಲೇಟ್‌ಲೆಟ್ ದಿನಾ ನೋಡಿ, ಹೆಪಾರಿನ್ ನಿಂತ ಎರಡು ಮೂರು ದಿನದಲ್ಲಿ ಏರತೊಡಗಬೇಕು. ಏರದಿದ್ದರೆ ಎಲ್ಲೋ ಹೆಪಾರಿನ್ ಇನ್ನೂ ಒಳಗೆ ಹೋಗುತ್ತಿದೆ, ಅಥವಾ ರೋಗನಿರ್ಣಯ ಬೇರೆ. ಮದ್ದು ಒಟ್ಟು ಮೂರು ತಿಂಗಳು. ರೋಗಿಯ ಕೈಗೆ "ಹೆಪಾರಿನ್, ಎನಾಕ್ಸಪಾರಿನ್ ಕೊಡಬಾರದು" ಎಂಬ ಕಾರ್ಡ್ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದುಕೊಡಿ, ಇವರು ಮುಂದೆ ಕಾಸರಗೋಡಿಗೂ ಹೋಗಬಹುದು ಮಂಗಳೂರಿಗೂ ಹೋಗಬಹುದು. ಎಲೈಸಾದ ಓಡಿ ಬಂದ ಕೂಡಲೇ ಇಲ್ಲಿ ಹಾಕಿ.